ಯುವ ಪಿಚರ್‌ನ ಕಾಂಟ್ರ್ಯಾಕ್ಟಿಗೆ ಬೆಲೆ ಕಟ್ಟುವುದು ಹೇಗೆ: ಪಾಲ್ ಸ್ಕೀನ್ಸ್ ಲೆಕ್ಕ, ಹಂತ ಹಂತವಾಗಿ

ಅಮೆರಿಕದ ಬೇಸ್‌ಬಾಲ್ ತಂಡ ಪಿಟ್ಸ್‌ಬರ್ಗ್ ಪೈರೇಟ್ಸ್ ತನ್ನ ಯುವ ಪಿಚರ್ (ಚೆಂಡು ಎಸೆಯುವವ) ಪಾಲ್ ಸ್ಕೀನ್ಸ್ ಜೊತೆ ಎಂಟು ವರ್ಷದ ಕಾಂಟ್ರ್ಯಾಕ್ಟ್ ಮಾಡಿಕೊಂಡರೆ ಎಷ್ಟಾಗಬಹುದು? ನಮ್ಮ ಬೇಸ್‌ಬಾಲ್ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಕೇಳಿದಾಗಲೆಲ್ಲ ಬರುವ ಉತ್ತರ 40 ಕೋಟಿ ಡಾಲರ್, ಇಲ್ಲವೇ 45 ಕೋಟಿ. ಉತ್ತರ ಕೊಡುವವರು ದಡ್ಡರಲ್ಲ. ಎಕ್ಸೆಲ್ ಹಾಳೆ ಕಳಿಸುತ್ತಾರೆ, ಗುಣಾಕಾರ ಎಲ್ಲ ಸರಿಯಾಗಿಯೇ ಇರುತ್ತದೆ. ಎಡವಟ್ಟಾಗುವುದು ಮೊದಲ ಸಾಲಿನಲ್ಲೇ. ಹುಡುಗ ಎಷ್ಟು ಚೆನ್ನಾಗಿ ಎಸೆಯುತ್ತಾನೆ ಎಂಬಲ್ಲಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಅವನು ಎಷ್ಟು ದಿನ ಆಡಿದ್ದಾನೆ ಎಂಬಲ್ಲಿಂದ.

ಅನುಮಾನವಿದ್ದರೆ ಈ ಜೋಡಿ ನೋಡಿ. ಯೋಶಿನೊಬು ಯಮಮೊಟೊ ಮತ್ತು ರೋಕಿ ಸಸಾಕಿ ಇಬ್ಬರೂ ಜಪಾನಿನಿಂದ ಬಂದು ಲಾಸ್ ಏಂಜಲೀಸ್ ಡಾಡ್ಜರ್ಸ್ ಸೇರಿದ ಪಿಚರ್‌ಗಳು. 2023ರ ಡಿಸೆಂಬರ್‌ನಲ್ಲಿ ಯಮಮೊಟೊಗೆ ಸಿಕ್ಕಿದ್ದು 12 ವರ್ಷಕ್ಕೆ 32.5 ಕೋಟಿ ಡಾಲರ್. 2025ರ ಜನವರಿಯಲ್ಲಿ ಸಸಾಕಿಗೆ ಸಿಕ್ಕಿದ್ದು 65 ಲಕ್ಷ ಡಾಲರ್ ಬೋನಸ್. ಯಮಮೊಟೊಗೆ ಆಗ 25 ತುಂಬಿತ್ತು, ಸಸಾಕಿಗೆ 23. ಇಪ್ಪತ್ತೈದು ತುಂಬದ ವಿದೇಶಿ ಆಟಗಾರನಿಗೆ ಪ್ರತಿ ತಂಡ ಕೊಡಬಹುದಾದ ಬೋನಸ್‌ಗೆ ಮಿತಿಯಿದೆ. ಅಷ್ಟು ದೊಡ್ಡ ಅಂತರ ಬಿದ್ದದ್ದು ತೋಳಿನ ಬಲದಿಂದಲ್ಲ, ಹುಟ್ಟಿದ ತಾರೀಖಿನಿಂದ.

2025ರ ಸೀಸನ್ ಮುಗಿದ ಮೇಲಿನ ಚಳಿಗಾಲದಲ್ಲಿ ಕೂತು ಮಾಡಿದ ಲೆಕ್ಕ ಅಂದುಕೊಂಡು ಮುಂದೆ ಓದಿ.

## ಮೊದಲು ಕೈಗೆ ಬೇಕಾದ್ದು

ಒಂದು ಎಕ್ಸೆಲ್ ಹಾಳೆ, ವರ್ಷಕ್ಕೊಂದು ಸಾಲು. ಆಟಗಾರನ ಸೇವಾ ಅವಧಿ, ಹುಟ್ಟಿದ ದಿನ, ಪ್ರತಿ ಸೀಸನ್‌ನ ಇನಿಂಗ್ಸ್, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ವಾಕ್ (ಗುರಿ ತಪ್ಪಿದ ನಾಲ್ಕು ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಪುಕ್ಕಟೆ ಬೇಸ್), ಹೋಮ್‌ರನ್ (ಸಿಕ್ಸರ್‌ನಂಥ ಹೊಡೆತ), ಮತ್ತು ಗಾಯದ ಪಟ್ಟಿಗೆ ಸೇರಿದ ದಿನಗಳು. ಫ್ಯಾನ್‌ಗ್ರಾಫ್ಸ್, ಬೇಸ್‌ಬಾಲ್ ರೆಫರೆನ್ಸ್ ಎಂಬ ಎರಡೂ ಜಾಲತಾಣಗಳಲ್ಲಿ ಇವು ಪುಕ್ಕಟೆ ಸಿಗುತ್ತವೆ. ಜೊತೆಗೆ ಇದೇ ಹಂತದಲ್ಲಿ ಸಹಿ ಹಾಕಿದ ನಾಲ್ಕೈದು ಪಿಚರ್‌ಗಳ ಕಾಂಟ್ರ್ಯಾಕ್ಟ್ ವಿವರ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಲ್ಲೇ ಅರ್ಧ ಜನ ಜಾರುವುದು. ಅಮೆರಿಕದ ಸುದ್ದಿಯಲ್ಲಿ ಎಲ್ಲವೂ ಮಿಲಿಯನ್. ಒಂದು ಮಿಲಿಯನ್ ಅಂದರೆ 10 ಲಕ್ಷ, ಹತ್ತು ಮಿಲಿಯನ್ ಅಂದರೆ ಒಂದು ಕೋಟಿ. 170 ಮಿಲಿಯನ್ ಎಂದಿದ್ದರೆ ಅದು 17 ಕೋಟಿ ಡಾಲರ್. 170 ಕೋಟಿ ಅಲ್ಲ, 1.7 ಕೋಟಿಯೂ ಅಲ್ಲ. ಹಾಳೆಯಲ್ಲಿ ಒಂದೇ ಅಳತೆ ಇಟ್ಟುಕೊಳ್ಳಿ. ನಾನು ಒಮ್ಮೆ ಎರಡನ್ನೂ ಬೆರೆಸಿ, ಈಗಷ್ಟೇ ಕಾಲಿಟ್ಟ ರೂಕಿಯೊಬ್ಬನಿಗೆ (ಹೊಸಬನಿಗೆ) ಯಾಂಕೀಸ್‌ನ ದುಬಾರಿ ಪಿಚರ್ ಗೆರಿಟ್ ಕೋಲ್‌ಗಿಂತ ಹೆಚ್ಚು ದುಡ್ಡು ಕೊಡಿಸಿದ್ದೆ. ಆ ಸ್ಕ್ರೀನ್‌ಶಾಟ್ ಇವತ್ತಿಗೂ ಗುಂಪಿನಲ್ಲಿ ಓಡಾಡುತ್ತದೆ.

## ಹಂತ 1: ಸೇವಾ ಗಡಿಯಾರ ಓದಿ

ಐಪಿಎಲ್ ಹರಾಜು ನೋಡಿ ಬೆಳೆದ ನಮಗೆ ಒಳ್ಳೆಯ ಆಟಗಾರನೆಂದರೆ ಹತ್ತು ತಂಡ ಕೈ ಎತ್ತುವುದೇ ಕಣ್ಣಿಗೆ ಬರುತ್ತದೆ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಮೊದಲ ಆರು ಸೇವಾ ವರ್ಷ ಕೈ ಎತ್ತುವುದು ಒಂದೇ ತಂಡ, ಅವನನ್ನು ಹಿಡಿದಿಟ್ಟುಕೊಂಡ ತಂಡ. ಆ ಆರು ವರ್ಷ ಹೀಗೆ ಒಡೆಯುತ್ತದೆ: ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು (2025ರಲ್ಲಿ ಅದು 7.6 ಲಕ್ಷ ಡಾಲರ್, 2026ಕ್ಕೆ 7.8 ಲಕ್ಷ), ಮುಂದಿನ ಮೂರು ವರ್ಷ ಆರ್ಬಿಟ್ರೇಷನ್, ಅಂದರೆ ಪಂಚಾಯಿತಿ ಸಂಬಳ. ಆರು ತುಂಬಿದ ಮೇಲೆ ಫ್ರೀ ಏಜೆಂಟ್, ಆಗ ಎಲ್ಲ ತಂಡಕ್ಕೂ ಬಾಗಿಲು ತೆರೆಯುತ್ತದೆ.

ಒಂದು ಸೇವಾ ವರ್ಷ ಎಂದರೆ ಮೇಜರ್ ಲೀಗ್ ತಂಡದಲ್ಲಿ ಕಳೆದ 172 ದಿನ. ಪಟ್ಟಿಯಲ್ಲಿ 2.100 ಅಂತ ಕಂಡರೆ ಎರಡು ವರ್ಷ 100 ದಿನ ಎಂದರ್ಥ, ದಶಾಂಶ ಅಲ್ಲ. ಎಕ್ಸೆಲ್ ಇದನ್ನು ದಶಾಂಶ ಎಂದುಕೊಂಡು ತೆಪ್ಪಗೆ ಕೂಡಿಬಿಡುತ್ತದೆ, ಹುಷಾರು.

ಸ್ಕೀನ್ಸ್ ವಿಷಯಕ್ಕೆ ಬನ್ನಿ. ಅವನು ಮೊದಲ ಪಂದ್ಯ ಆಡಿದ್ದು 2024ರ ಮೇ 11. ಅಲ್ಲಿಂದ ಸೆಪ್ಟೆಂಬರ್ ಕೊನೆಯವರೆಗೆ ಬೆರಳು ಮಡಚಿ ಎಣಿಸಿದರೆ ಸುಮಾರು 142 ದಿನ. 172ಕ್ಕೆ 30 ಕಡಿಮೆ. ಹೀಗೆ ಎಣಿಸಿದವರು ಅವನ ಆರನೇ ವರ್ಷವನ್ನು 2030ಕ್ಕೆ ತಳ್ಳುತ್ತಾರೆ. ಆದರೆ ಲೀಗ್ ಮತ್ತು ಆಟಗಾರರ ನಡುವಿನ 2022ರ ಒಪ್ಪಂದದಲ್ಲಿ ಹೊಸ ಕಟ್ಟಳೆಯೊಂದು ಬಂದಿದೆ: ವರ್ಷದ ರೂಕಿ ಮತದಾನದಲ್ಲಿ ಮೊದಲೆರಡು ಸ್ಥಾನ ಪಡೆದ ಅರ್ಹ ಹೊಸಬನಿಗೆ ಪೂರ್ತಿ ವರ್ಷದ ಸೇವೆ ಸಿಗುತ್ತದೆ. ಸ್ಕೀನ್ಸ್ ಆ ಪ್ರಶಸ್ತಿಯನ್ನೇ ಗೆದ್ದ. ಹಾಗಾಗಿ 2025 ಮುಗಿದಾಗ ಅವನಿಗೆ ಎರಡು ಪೂರ್ತಿ ವರ್ಷ. 2026 ಕನಿಷ್ಠ ಸಂಬಳ, 2027, 2028, 2029 ಆರ್ಬಿಟ್ರೇಷನ್, 2030ರಿಂದ ಸ್ವತಂತ್ರ. ಈ ಒಂದು ವರ್ಷ ತಪ್ಪಿದರೆ ಕೊನೆಯ ಮೊತ್ತವೂ ತಪ್ಪುತ್ತದೆ.

ಇನ್ನೊಂದು ಬಲೆ ‘ಸೂಪರ್ ಟೂ’. ಎರಡರಿಂದ ಮೂರು ವರ್ಷದ ನಡುವಿನ ಆಟಗಾರರಲ್ಲಿ ಸೇವೆ ಹೆಚ್ಚಿರುವ ಮೇಲಿನ ಶೇ. 22 ಮಂದಿ ಒಂದು ವರ್ಷ ಮೊದಲೇ ಆರ್ಬಿಟ್ರೇಷನ್‌ಗೆ ಹೋಗುತ್ತಾರೆ, ನಾಲ್ಕು ಸಲ ಹೋಗುತ್ತಾರೆ. ಸ್ಕೀನ್ಸ್‌ಗೆ ಇದು ಅನ್ವಯಿಸುವುದಿಲ್ಲ. ನೀವು ಬೇರೆ ಹುಡುಗನ ಲೆಕ್ಕ ಹಾಕುತ್ತಿದ್ದರೆ ನೋಡಿಕೊಳ್ಳಿ.

## ಹಂತ 2: ಮುಂದಿನ ವರ್ಷಗಳ ಆಟ ಅಂದಾಜಿಸಿ

2025ರಲ್ಲಿ ಸ್ಕೀನ್ಸ್ 187 ಇನಿಂಗ್ಸ್‌ಗೂ ಮೇಲೆ ಎಸೆದು 216 ಸ್ಟ್ರೈಕ್‌ಔಟ್ ತೆಗೆದ, ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ಸರಾಸರಿ ರನ್) 1.97, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಸರ್ವಾನುಮತದಿಂದ. ಗೆಲುವು-ಸೋಲು ಮಾತ್ರ 10-10. ತಂಡ ರನ್ ಹೊಡೆಯದಿದ್ದರೆ ಪಿಚರ್ ಏನು ಮಾಡಿಯಾನು? ಈ ಹಂತದಲ್ಲಿ ಗೆಲುವಿನ ಸಂಖ್ಯೆಯನ್ನು ಅಳಿಸಿಹಾಕಿ. (ಹಂತ 4ರಲ್ಲಿ ಅದು ಮತ್ತೆ ಬಂದು ಕೂರುತ್ತದೆ.)

ಇಆರ್‌ಎಯನ್ನೂ ಹಾಗೇ ನಂಬಬೇಡಿ, ಅದರಲ್ಲಿ ಫೀಲ್ಡರ್‌ಗಳ ಪಾಲೂ ಅದೃಷ್ಟದ ಪಾಲೂ ಇದೆ. ಫೀಲ್ಡರ್‌ಗಳ ಪಾಲು ಬಿಟ್ಟು ಪಿಚರ್‌ನನ್ನಷ್ಟೇ ಅಳೆಯುವ ಎಫ್‌ಐಪಿ ನೋಡಿ: ಹೋಮ್‌ರನ್ನನ್ನು 13ರಿಂದ ಗುಣಿಸಿ, ವಾಕ್ ಮತ್ತು ಮೈಗೆ ಬಡಿದ ಚೆಂಡುಗಳನ್ನು 3ರಿಂದ ಗುಣಿಸಿ ಕೂಡಿಸಿ, ಸ್ಟ್ರೈಕ್‌ಔಟ್‌ನ ಎರಡರಷ್ಟನ್ನು ಕಳೆದು, ಇನಿಂಗ್ಸ್‌ನಿಂದ ಭಾಗಿಸಿ, ಸುಮಾರು 3.1 ಸೇರಿಸಿ. ಸ್ಕೀನ್ಸ್‌ನ ಎಫ್‌ಐಪಿ 2025ರಲ್ಲಿ 2.4ರ ಹತ್ತಿರ ಬರುತ್ತದೆ. ಅದೂ ಅದ್ಭುತವೇ, ಆದರೆ 1.97 ಅಲ್ಲ.

ಮುಂದಿನ ಅಳತೆ ವಾರ್. ಸುಲಭಕ್ಕೆ ಸಿಗುವ ಬದಲಿ ಪಿಚರ್‌ಗಿಂತ ಈತ ತಂಡಕ್ಕೆ ಎಷ್ಟು ಹೆಚ್ಚು ಗೆಲುವು ತಂದುಕೊಡುತ್ತಾನೆ ಎಂಬ ಲೆಕ್ಕ. ಫ್ಯಾನ್‌ಗ್ರಾಫ್ಸ್ ಇದನ್ನು ಎಫ್‌ಐಪಿಯಿಂದ ಕಟ್ಟುತ್ತದೆ, ಬೇಸ್‌ಬಾಲ್ ರೆಫರೆನ್ಸ್ ನಿಜಕ್ಕೂ ಬಿಟ್ಟುಕೊಟ್ಟ ರನ್ನಿನಿಂದ. ಎರಡರಲ್ಲಿ ದೊಡ್ಡದನ್ನು ಆರಿಸಿಕೊಳ್ಳುವುದು ಅಭಿಮಾನಿಯ ಚಾಳಿ. ಒಂದನ್ನು ಹಿಡಿದರೆ ಎಲ್ಲ ಪಿಚರ್‌ಗಳಿಗೂ ಅದನ್ನೇ ಬಳಸಿ.

ನಾನು ಸ್ಕೀನ್ಸ್‌ಗೆ ಆರೋಗ್ಯವಾಗಿದ್ದ ಪೂರ್ತಿ ಸೀಸನ್‌ಗೆ 6 ವಾರ್ ಇಟ್ಟಿದ್ದೇನೆ. ಐದು ವರ್ಷಕ್ಕೊಂದು ಸೀಸನ್ ಗಾಯಕ್ಕೆ ಹೋಗುತ್ತದೆ ಎಂದುಕೊಂಡು 0.8ರಿಂದ ಗುಣಿಸಿದರೆ 4.8. ಅದನ್ನು 2026, 2027ಕ್ಕೆ ಇಟ್ಟು, ಆಮೇಲೆ ಸ್ವಲ್ಪ ಸ್ವಲ್ಪ ಇಳಿಸಿದ್ದೇನೆ: 2028ಕ್ಕೆ 4.5, 2029ಕ್ಕೆ 4.2, 2030ಕ್ಕೆ 4.0, ನಂತರ 3.7, 3.4, 3.1. ಇವು ನನ್ನ ಊಹೆಗಳು, ನಿಮ್ಮವು ಬೇರೆ ಇರಲಿ.

ಇಲ್ಲಿನ ದೊಡ್ಡ ತಪ್ಪು ಎರಡು ಸಲ ಕಡಿತ. ಸಿದ್ಧ ಮುನ್ನಂದಾಜುಗಳಲ್ಲಿ ಇನಿಂಗ್ಸನ್ನು 150-160ಕ್ಕೆ ಇಳಿಸಿದ್ದರೆ ಗಾಯದ ಭಯ ಅದರೊಳಗೇ ಇದೆ. ಮತ್ತೆ 0.8ರಿಂದ ಗುಣಿಸಿದರೆ ಒಂದೇ ರೋಗಕ್ಕೆ ಎರಡು ಸಲ ಚುಚ್ಚುಮದ್ದು ಕೊಟ್ಟ ಹಾಗೆ.

## ಹಂತ 3: ಸ್ವತಂತ್ರ ವರ್ಷಗಳಿಗೆ ಮಾತ್ರ ಮಾರುಕಟ್ಟೆ ದರ

ಫ್ರೀ ಏಜೆಂಟ್ ಮಾರುಕಟ್ಟೆಯಲ್ಲಿ ಒಂದು ವಾರ್‌ಗೆ ನಾನು 90 ಲಕ್ಷ ಡಾಲರ್ ಹಿಡಿಯುತ್ತೇನೆ, ವರ್ಷಕ್ಕೆ ಶೇ. 3 ಏರಿಕೆ. ಈ ದರವನ್ನು ಹಂತ 1ರಲ್ಲಿ ಗುರುತಿಸಿದ ಸ್ವತಂತ್ರ ವರ್ಷಗಳಿಗಷ್ಟೇ ಹಚ್ಚಿ. ಎಂಟೂ ವರ್ಷಕ್ಕೆ ಹಚ್ಚಿದರೆ 6 ವಾರ್, 90 ಲಕ್ಷ, 8 ವರ್ಷ, ಒಟ್ಟು 43 ಕೋಟಿ. ಗುಂಪಿನಲ್ಲಿ ಓಡಾಡುವ ಸಂಖ್ಯೆ ಹುಟ್ಟುವುದು ಇಲ್ಲೇ.

ಸ್ಕೀನ್ಸ್ ಸಾಲುಗಳು:

2030: 4.0 ವಾರ್ × 101 ಲಕ್ಷ = 4.05 ಕೋಟಿ
2031: 3.7 × 104 ಲಕ್ಷ = 3.86 ಕೋಟಿ
2032: 3.4 × 107.5 ಲಕ್ಷ = 3.65 ಕೋಟಿ
2033: 3.1 × 111 ಲಕ್ಷ = 3.43 ಕೋಟಿ

ಒಟ್ಟು 15 ಕೋಟಿ, ವರ್ಷಕ್ಕೆ ಸರಾಸರಿ 3.75 ಕೋಟಿ. ಇದು ಹುಚ್ಚು ಸಂಖ್ಯೆಯೇ ಅಂತ ನೋಡಲು ಪೇಟೆಯ ದರಕ್ಕೆ ಹಿಡಿಯಿರಿ: ಕಾರ್ಬಿನ್ ಬರ್ನ್ಸ್ ಅರಿಜೋನಾದಿಂದ 6 ವರ್ಷಕ್ಕೆ 21 ಕೋಟಿ ಪಡೆದ, ಮ್ಯಾಕ್ಸ್ ಫ್ರೈಡ್ ಯಾಂಕೀಸ್‌ನಿಂದ 8 ವರ್ಷಕ್ಕೆ 21.8 ಕೋಟಿ, ಡಿಲನ್ ಸೀಸ್ ಟೊರಾಂಟೊದಿಂದ 7 ವರ್ಷಕ್ಕೆ 21 ಕೋಟಿ. ವರ್ಷಕ್ಕೆ 2.7ರಿಂದ 3.5 ಕೋಟಿ. 2030ರ ಸೀಸನ್‌ನಲ್ಲಿ 28 ತುಂಬುವ ಸ್ಕೀನ್ಸ್‌ಗೆ ಅದಕ್ಕಿಂತ ಸ್ವಲ್ಪ ಮೇಲೆ ಎಂದರೆ ಒಪ್ಪಬಹುದು.

## ಹಂತ 4: ಆರ್ಬಿಟ್ರೇಷನ್ ವರ್ಷಗಳ ಬೆಲೆ

ಇದನ್ನು ಅರ್ಥ ಮಾಡಿಕೊಳ್ಳದೆ ಲೆಕ್ಕ ಎಂದೂ ಕೂಡಿಬರುವುದಿಲ್ಲ, ಹಾಗಾಗಿ ನಿಧಾನಕ್ಕೆ ಓದಿ.

ಆಟಗಾರ ಒಂದು ಸಂಖ್ಯೆ ಕೊಡುತ್ತಾನೆ, ತಂಡ ಒಂದು ಸಂಖ್ಯೆ ಕೊಡುತ್ತದೆ. ವಿಚಾರಣೆವರೆಗೆ ಹೋದರೆ ಮೂವರು ಪಂಚರು ಎರಡರಲ್ಲಿ ಒಂದನ್ನು ಆರಿಸಬೇಕು. ಮಧ್ಯದ ಮೊತ್ತ ಕೊಡುವ ಹಾಗಿಲ್ಲ. ಹಾಗಾಗಿ ಇಬ್ಬರೂ ತೀರಾ ಅತಿಗೆ ಹೋಗದೆ, ಹಳೆಯ ಉದಾಹರಣೆಗಳನ್ನು ಹಿಡಿದುಕೊಂಡು ಕೂರುತ್ತಾರೆ. ಇಲ್ಲಿ ವಾರ್ ಅಷ್ಟಾಗಿ ನಡೆಯುವುದಿಲ್ಲ. ನಡೆಯುವುದು ಇನಿಂಗ್ಸ್, ಇಆರ್‌ಎ, ಸ್ಟ್ರೈಕ್‌ಔಟ್, ಪ್ರಶಸ್ತಿ, ಮತ್ತು ನಾವು ಆಗ ಅಳಿಸಿದ ಗೆಲುವುಗಳು. ಸ್ಕೀನ್ಸ್‌ನ ಸೈ ಯಂಗ್ ಇಲ್ಲಿ ಅವನನ್ನು ಎತ್ತುತ್ತದೆ, 10 ಗೆಲುವು ಸ್ವಲ್ಪ ಎಳೆಯುತ್ತದೆ.

ಎರಡನೇ ಮಾತು: ಇದು ಏಣಿ. ಪ್ರತಿ ವರ್ಷದ ಸಂಬಳ ಹಿಂದಿನ ವರ್ಷದ ಮೇಲೆ ನಿಲ್ಲುತ್ತದೆ. ಮೊದಲ ಮೆಟ್ಟಿಲು ಎಲ್ಲಿದೆಯೋ ಅಲ್ಲಿಂದಲೇ ಉಳಿದವು. ಬರ್ನ್ಸ್ 2021ರ ಸೈ ಯಂಗ್ ಗೆದ್ದು ಮೊದಲ ಸಲ ಆರ್ಬಿಟ್ರೇಷನ್‌ಗೆ ಬಂದಾಗ ಸಿಕ್ಕಿದ್ದು 65 ಲಕ್ಷ ಡಾಲರ್. ಮರುವರ್ಷ ಒಂದು ಕೋಟಿ, ಮೂರನೇ ವರ್ಷ 1.56 ಕೋಟಿ. ಮೂರೂ ಸೇರಿ 3.2 ಕೋಟಿ. ಅದೇ ಮೂರು ವರ್ಷವನ್ನು ವಾರ್ ದರದಲ್ಲಿ ಗುಣಿಸಿ ನೋಡಿ, ಅದರ ಎರಡು-ಮೂರು ಪಟ್ಟು ಬರುತ್ತದೆ.

ಸ್ಕೀನ್ಸ್ ಬರ್ನ್ಸ್‌ಗಿಂತ ಮೇಲಿನ ಮೆಟ್ಟಿಲಿನಿಂದ ಶುರು ಮಾಡುತ್ತಾನೆ. ರೂಕಿ ಪ್ರಶಸ್ತಿ, ಒಂದು ಸೈ ಯಂಗ್, ಎರಡು ವರ್ಷ ಎರಡಕ್ಕಿಂತ ಕೆಳಗಿನ ಇಆರ್‌ಎ. ನನ್ನ ಅಂದಾಜು: 2026ಕ್ಕೆ 10 ಲಕ್ಷ, 2027ಕ್ಕೆ 1 ಕೋಟಿ, 2028ಕ್ಕೆ 1.8 ಕೋಟಿ, 2029ಕ್ಕೆ 2.7 ಕೋಟಿ. ಒಟ್ಟು 5.6 ಕೋಟಿ.

ಮೂರು ಎಚ್ಚರಿಕೆ. ಒಂದು, ಆರ್ಬಿಟ್ರೇಷನ್‌ಗಿಂತ ಮೊದಲಿನ ಆಟಗಾರರಿಗೆ ಲೀಗ್ ವರ್ಷಕ್ಕೆ 5 ಕೋಟಿ ಡಾಲರ್ ಬೋನಸ್ ಹಂಚುತ್ತದೆ, ಸೈ ಯಂಗ್ ಗೆದ್ದವನಿಗೆ ಅದರಲ್ಲಿ 25 ಲಕ್ಷ. ಅದು ಆಟಗಾರನ ಜೇಬಿಗೆ ಬರುತ್ತದೆ, ಆದರೆ ತಂಡದ ಸಂಬಳ ಅಲ್ಲ, ಏಣಿಗೆ ಸೇರಿಸಬೇಡಿ. ಎರಡು, ಕೊನೆಯ ಮೆಟ್ಟಿಲು ತುಂಬ ಅಗಲ. ಡೆಟ್ರಾಯಿಟ್‌ನ ತಾರಿಕ್ ಸ್ಕೂಬಲ್ ಎರಡು ಸೈ ಯಂಗ್ ಹಿಡಿದುಕೊಂಡು 2026ಕ್ಕೆ 3.2 ಕೋಟಿ ಕೇಳಿದ, ತಂಡ 1.9 ಕೋಟಿ ಎಂದಿತು. ಒಂದೇ ತೋಳು, ಒಂದೇ ವರ್ಷ, 1.3 ಕೋಟಿ ಅಂತರ. ಐದು ವರ್ಷ ಸೇವೆ ದಾಟಿದವನು ಯಾವ ಆಟಗಾರನ ಜೊತೆಗಾದರೂ ಹೋಲಿಸಿಕೊಳ್ಳಬಹುದು, ಅದಕ್ಕೇ ಅಷ್ಟು ಅಗಲ. ನಿಮ್ಮ 2029ರ ಸಾಲಿನಲ್ಲೂ ಅಷ್ಟೇ ಅಲುಗಾಟ ಇದೆ ಎಂದುಕೊಳ್ಳಿ. ಮೂರು, 2022ರ ಆ ಲೀಗ್-ಆಟಗಾರರ ಒಪ್ಪಂದದ ಅವಧಿ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. 2027ರಿಂದಾಚೆಯ ಎಲ್ಲ ಸಾಲೂ ಹಳೆಯ ನಿಯಮವೇ ಮುಂದುವರಿಯುತ್ತದೆ ಎಂಬ ನಂಬಿಕೆಯ ಮೇಲಿದೆ.

## ಹಂತ 5: ಖಾತ್ರಿಯ ಬೆಲೆ ಕಳೆಯಿರಿ

ಈಗ 5.6 ಮತ್ತು 15 ಸೇರಿ 20.6 ಕೋಟಿ. ಇದು ಅವನು ವರ್ಷ ವರ್ಷ ಕಾದು, ಎಲ್ಲ ಅಂದುಕೊಂಡಂತೆ ನಡೆದರೆ ಸಿಗುವ ಮೊತ್ತ. ಇವತ್ತೇ ಸಹಿ ಹಾಕಿದರೆ ಕಡಿಮೆ ಸಿಗುತ್ತದೆ, ಯಾಕೆಂದರೆ ತೋಳು ಮುರಿದರೂ ದುಡ್ಡು ಬರುವ ಖಾತ್ರಿ ಅವನದಾಗುತ್ತದೆ. ಬೇಸ್‌ಬಾಲ್‌ನ ದೀರ್ಘ ಕಾಂಟ್ರ್ಯಾಕ್ಟ್‌ಗಳಲ್ಲಿ ಗಾಯವಾಯಿತೆಂದು ತಂಡ ಕೈ ಬಿಡುವ ಹಾಗಿಲ್ಲ.

ಲೂಯಿಸ್ ಸೆವೆರಿನೊ 2019ರ ಫೆಬ್ರವರಿಯಲ್ಲಿ ಯಾಂಕೀಸ್ ಜೊತೆ 4 ವರ್ಷಕ್ಕೆ 4 ಕೋಟಿಗೆ ಸಹಿ ಹಾಕಿದ. ಆಗ ಅಗ್ಗಕ್ಕೆ ಮಾರಿಕೊಂಡ ಅಂತ ಬೈದವರೇ ಹೆಚ್ಚು. ಮುಂದಿನ ಮೂರು ಸೀಸನ್‌ನಲ್ಲಿ ಅವನು ಎಸೆದದ್ದು 18 ಇನಿಂಗ್ಸ್. ತಂಡದ ಕಡೆಯಿಂದ ನೋಡಿದರೆ ಸ್ಟೀಫನ್ ಸ್ಟ್ರಾಸ್‌ಬರ್ಗ್: 7 ವರ್ಷಕ್ಕೆ 24.5 ಕೋಟಿ, ಆಮೇಲೆ ಆಡಿದ್ದು 8 ಪಂದ್ಯ.

ಕಡಿತ ಎಷ್ಟು? ನಾನು ಆರ್ಬಿಟ್ರೇಷನ್‌ವರೆಗಿನ ಭಾಗಕ್ಕೆ ಶೇ. 7ರಿಂದ 12, ಸ್ವತಂತ್ರ ವರ್ಷಗಳಿಗೆ ಶೇ. 15ರಿಂದ 25 ಕಳೆಯುತ್ತೇನೆ. ಕಡಿಮೆ ಕಡೆ 4.9 + 11.25 = 16.2 ಕೋಟಿ. ಹೆಚ್ಚಿನ ಕಡೆ 5.2 + 12.75 = 18 ಕೋಟಿ.

ಯಾವ ಕಡೆಗೆ ವಾಲಬೇಕು ಎಂಬುದನ್ನು ಅಂಕಿ ಹೇಳುವುದಿಲ್ಲ, ಹುಡುಗನ ಬ್ಯಾಂಕ್ ಖಾತೆ ಹೇಳುತ್ತದೆ. 2023ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ದಿನ) ಮೊದಲಿಗನಾಗಿ ಆಯ್ಕೆಯಾದಾಗಲೇ ಸ್ಕೀನ್ಸ್ 92 ಲಕ್ಷ ಡಾಲರ್ ಬೋನಸ್ ಎಣಿಸಿಕೊಂಡಿದ್ದಾನೆ. ಅವನಿಗೆ ಅವಸರವಿಲ್ಲ. ನಾಲ್ಕನೇ ಸುತ್ತಿನಲ್ಲಿ ಆಯ್ಕೆಯಾದ ಸ್ಪೆನ್ಸರ್ ಸ್ಟ್ರೈಡರ್‌ನ ಸ್ಥಿತಿ ಬೇರೆ ಇತ್ತು. ಒಂದು ವರ್ಷದ ಸೇವೆ ಮುಗಿದ ಕೂಡಲೇ 7.5 ಕೋಟಿಗೆ ಆರು ವರ್ಷ ಬರೆದುಕೊಟ್ಟ. ಸ್ಕೀನ್ಸ್ ವಿಷಯದಲ್ಲಿ ನಾನು 18ರ ಕಡೆಗೇ.

## ಹಂತ 6: ಜೋಡಿ ಹುಡುಕಿ ತಾಳೆ ನೋಡಿ

ಹೋಲಿಕೆಗೆ ಆರಿಸುವಾಗ ಮುಖ್ಯವಾದದ್ದು ವಯಸ್ಸಲ್ಲ, ಸ್ವಾತಂತ್ರ್ಯಕ್ಕೆ ಎಷ್ಟು ವರ್ಷ ಉಳಿದಿತ್ತು ಎಂಬುದು.

ಬೋಸ್ಟನ್‌ನ ಗ್ಯಾರೆಟ್ ಕ್ರೋಶೆ 2025ರಲ್ಲಿ ಸಹಿ ಹಾಕಿದ ಕಾಂಟ್ರ್ಯಾಕ್ಟ್ 2026ರಿಂದ 6 ವರ್ಷಕ್ಕೆ 17 ಕೋಟಿ. ‘ಆರು ವರ್ಷಕ್ಕೇ 17 ಕೋಟಿ, ಸ್ಕೀನ್ಸ್‌ಗೆ ಎಂಟು ವರ್ಷಕ್ಕೆ 18 ಮಾತ್ರವೇ?’ ಎಂದು ಕೇಳುತ್ತಾರೆ. ಬಿಡಿಸಿ ನೋಡಿ. ಕ್ರೋಶೆಯ ಆರರಲ್ಲಿ ಒಂದು ಮಾತ್ರ ಆರ್ಬಿಟ್ರೇಷನ್ ವರ್ಷ, ಐದು ಸ್ವತಂತ್ರ ವರ್ಷ. ಮೊದಲನೆಯದಕ್ಕೆ ಒಂದೂವರೆ ಕೋಟಿ ತೆಗೆದಿಟ್ಟರೆ ಉಳಿದ ಐದಕ್ಕೆ ತಲಾ 3.1 ಕೋಟಿ. ನಮ್ಮ ಲೆಕ್ಕದಲ್ಲಿ ಕಡಿತದ ನಂತರ ಸ್ಕೀನ್ಸ್‌ನ ಸ್ವತಂತ್ರ ವರ್ಷಕ್ಕೆ 2.8ರಿಂದ 3.2 ಕೋಟಿ. ತಾಳೆಯಾಯಿತು.

ಸ್ಟ್ರೈಡರ್‌ನದನ್ನೂ ಬಿಡಿಸಿ: 10 ಲಕ್ಷ, 10 ಲಕ್ಷ, 40 ಲಕ್ಷ, 2 ಕೋಟಿ, 2.2 ಕೋಟಿ, 2.2 ಕೋಟಿ, ಜೊತೆಗೆ 2029ರಲ್ಲೂ ಉಳಿಸಿಕೊಳ್ಳುವ ಆಯ್ಕೆ ಬೇಡವೆಂದರೆ ತಂಡ ಕೊಡಬೇಕಾದ 50 ಲಕ್ಷ. ಆರ್ಬಿಟ್ರೇಷನ್‌ನ ಮೂರು ವರ್ಷಕ್ಕೆ 4.6 ಕೋಟಿ. ನಮ್ಮ 5.5ಕ್ಕೆ ಇದೂ ದೂರವಿಲ್ಲ.

ಯಮಮೊಟೊನ 32.5 ಕೋಟಿಯನ್ನು ಮಾತ್ರ ಇಲ್ಲಿಗೆ ತರಬೇಡಿ. ಅವನು ಎಲ್ಲ ತಂಡಕ್ಕೂ ತೆರೆದಿದ್ದ 25ರ ಹುಡುಗ. ಅದು ಬೇರೆಯೇ ಸಂತೆ. ಅವನ ಹಳೆಯ ತಂಡ ಓರಿಕ್ಸ್‌ಗೆ ಹೋದ 5 ಕೋಟಿಯೂ ಅದರಿಂದ ಹೊರಗೆ.

ತಂಡದ ಇತಿಹಾಸವೂ ಒಂದು ಸೂಚನೆ. ಪೈರೇಟ್ಸ್ 2023ರಲ್ಲಿ ಬ್ರಯಾನ್ ರೆನಾಲ್ಡ್ಸ್‌ಗೆ ಕೊಟ್ಟದ್ದು 8 ವರ್ಷಕ್ಕೆ 10.7 ಕೋಟಿ, ಆಗ ಅದು ಆ ತಂಡದ ದಾಖಲೆ. ನಿಮ್ಮ ಅಂದಾಜು ಸರಿಯಿದ್ದೂ ಕಾಂಟ್ರ್ಯಾಕ್ಟ್ ಆಗದೇ ಇರಬಹುದು. ‘ಬೆಲೆ ಎಷ್ಟು’ ಮತ್ತು ‘ಈ ತಂಡ ಕೊಡುತ್ತದೆಯೇ’ ಎರಡು ಬೇರೆ ಕಾಲಂ.

## ಹಂತ 7: ಷರತ್ತುಗಳನ್ನು ದುಡ್ಡಿಗೆ ತಿರುಗಿಸಿ

ಮಧ್ಯದಲ್ಲಿ ಆಟಗಾರ ಹೊರನಡೆಯಬಹುದು ಎಂಬ ಷರತ್ತಿದ್ದರೆ ಒಟ್ಟು ಮೊತ್ತ ಇಳಿಯಬೇಕು, ಕೊನೆಯ ವರ್ಷ ತಂಡದ ಇಚ್ಛೆಗೆ ಬಿಟ್ಟಿದ್ದರೆ ಏರಬೇಕು. ಕ್ರೋಶೆಗೆ 2030ರ ನಂತರ ಹೊರಬರುವ ಹಕ್ಕಿದೆ. ಹಾಗಾಗಿ ಅವನ 17 ಕೋಟಿ ಕಾಣುವುದಕ್ಕಿಂತ ಸ್ವಲ್ಪ ದೊಡ್ಡದು.

ಮುಂದೂಡಿದ ಸಂಬಳ ಕಂಡರೆ ತಲೆಬರಹದ ಸಂಖ್ಯೆ ನಂಬಬೇಡಿ. ಶೊಹೇ ಒಹ್ತಾನಿಯ 70 ಕೋಟಿಯಲ್ಲಿ 68 ಕೋಟಿ ಬಡ್ಡಿಯಿಲ್ಲದೆ 2034ರಿಂದ ಬರುವಂಥದ್ದು. ಲಕ್ಷುರಿ ಟ್ಯಾಕ್ಸ್ (ಸಂಬಳದ ಮಿತಿ ದಾಟಿದ ತಂಡ ಕಟ್ಟುವ ತೆರಿಗೆ) ಲೆಕ್ಕಕ್ಕೆ ಅದು ವರ್ಷಕ್ಕೆ 4.6 ಕೋಟಿಯಷ್ಟೇ.

## ತೋಳು ಕೊಡುವ ಮುನ್ಸೂಚನೆಗಳು

ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ನಾನು ಹಂತ 2ಕ್ಕೆ ಹೋಗಿ 0.8 ಅನ್ನು 0.65 ಮಾಡುತ್ತೇನೆ:

ಫಾಸ್ಟ್‌ಬಾಲ್ ಸರಾಸರಿ ವೇಗ ಒಂದು ತಿಂಗಳಲ್ಲಿ ಗಂಟೆಗೆ ಒಂದು ಮೈಲಿಗಿಂತ ಹೆಚ್ಚು ಇಳಿಯುವುದು. ಸ್ಕೀನ್ಸ್‌ನದು 98ರ ಆಸುಪಾಸು, 96.5 ಅಂದರೆ ಎದ್ದು ಕೂತುಕೊಳ್ಳಿ.

ಚೆಂಡು ಕೈ ಬಿಡುವ ಎತ್ತರ ಪಂದ್ಯದಿಂದ ಪಂದ್ಯಕ್ಕೆ ಕೆಳಗಿಳಿಯುವುದು.

ಇದ್ದಕ್ಕಿದ್ದಂತೆ ವಾಕ್ ಹೆಚ್ಚುವುದು. ಮೊಣಕೈ ನೋವು ಮೊದಲು ಬಾಯಿಗೆ ಬರುವುದಿಲ್ಲ, ಗುರಿಯಲ್ಲಿ ಕಾಣುತ್ತದೆ.

ತಂಡದ ಪ್ರಕಟಣೆಯಲ್ಲಿ ‘ಮುಂಗೈ ಬಿಗಿತ’ ಎಂಬ ಮಾತು. ಕೇಳಲು ಸಾದಾ, ಆದರೆ ಎಷ್ಟೋ ಟಾಮಿ ಜಾನ್ (ಮೊಣಕೈ) ಶಸ್ತ್ರಚಿಕಿತ್ಸೆಗಳ ಕತೆ ಶುರುವಾಗುವುದು ಈ ಸಾಲಿನಿಂದಲೇ. ಶಸ್ತ್ರಚಿಕಿತ್ಸೆಯಾದರೆ ಮರಳಲು 12ರಿಂದ 18 ತಿಂಗಳು.

## ಹಾಳೆ ಮತ್ತೆ ತೆರೆಯುವ ದಿನಗಳು

ಉತ್ತರವನ್ನು ‘16ರಿಂದ 18 ಕೋಟಿ, ಒಲವು 18ಕ್ಕೆ’ ಎಂದು ಬರೆದಿಟ್ಟು, ಪಕ್ಕದಲ್ಲಿ ತಾರೀಖು ಹಾಕಿ. ಜನವರಿಯಲ್ಲಿ ಆರ್ಬಿಟ್ರೇಷನ್ ಸಂಖ್ಯೆಗಳು ಹೊರಬಿದ್ದ ದಿನ ಹಂತ 4 ನೋಡಿ. ಸ್ವಾತಂತ್ರ್ಯಕ್ಕೆ ಅಷ್ಟೇ ವರ್ಷ ಉಳಿದ ಇನ್ನೊಬ್ಬ ಪಿಚರ್ ಸಹಿ ಹಾಕಿದ ದಿನ ಹಂತ 6. ಹೊಸ ಒಪ್ಪಂದ ಬಂದರೆ ಹಂತ 1ರಿಂದಲೇ ಮತ್ತೆ ಶುರು. ಸಹಿಯಿಲ್ಲದೆ ಒಂದು ಆರೋಗ್ಯವಂತ ಸೀಸನ್ ಕಳೆದರೆ ಕನಿಷ್ಠ ಸಂಬಳದ ಸಾಲೊಂದು ಅಳಿಸಿಹೋಗಿ ಸ್ವತಂತ್ರ ವರ್ಷವೊಂದು ಹತ್ತಿರವಾಗುತ್ತದೆ, ಬೆಲೆ ತಾನಾಗೇ ಮೇಲೇರುತ್ತದೆ. ವೇಗದ ಕಾಲಂ ಮಾತ್ರ ಅವನು ಎಸೆದ ಪ್ರತಿ ರಾತ್ರಿ ತುಂಬಿ.